ಪುಷ್ಪನಿರ್ಣಯ ಪಂಚಸೂತ್ರಿ: ಆಸ್ಟ್ರೇಲಿಯಾ ಕಾಂಡ, ಭಾಷ್ಯಸಮೇತ

ಪೀಠಿಕೆ
ಆಸ್ಟ್ರೇಲಿಯಾದ ಕಾಡಿನಲ್ಲಿ ಹೂ ಕಂಡರೆ ಪಾಮರರು 'ಎಷ್ಟು ಚೆಂದ!' ಎಂದು ಮುಂದೆ ನಡೆಯುತ್ತಾರೆ. ಪಂಡಿತನಿಗೆ ಆ ಭಾಗ್ಯವಿಲ್ಲ. ಅವನು ಮಂಡಿಯೂರಿ, ಭೂತಗನ್ನಡಿ ಹಿಡಿದು, ಇರುವೆಗಳಿಂದ ಕಚ್ಚಿಸಿಕೊಂಡು, ಒಂದು ಹೆಸರನ್ನು ಹೇಳಿಯೇ ಏಳಬೇಕು. ಅಂಥವರ ಮಾನರಕ್ಷಣೆಗಾಗಿ ಈ ಐದು ಸೂತ್ರಗಳು.

ಸೂತ್ರ 1: ಎಲೆಯಿಂದ ಗಿಡವನ್ನು ಅರಿ.
ಭಾಷ್ಯ: ಹಳದಿ ಉಂಡೆಯಂಥ ಹೂವಿದ್ದರೆ ಅದು ವಾಟಲ್. 1988ರಿಂದ ಗೋಲ್ಡನ್ ವಾಟಲ್ ಆ ದೇಶದ ಅಧಿಕೃತ ಪುಷ್ಪಲಾಂಛನ. ಬಳಗ ದೊಡ್ಡದು, ಸುಮಾರು ಸಾವಿರ ಪ್ರಭೇದ. ಎಲೆ ನೋಡಿ ವಿಂಗಡಿಸೋಣವೆಂದರೆ ಬಹುಪಾಲು ಗಿಡಗಳಿಗೆ ಎಲೆಯೇ ಇಲ್ಲ. ಎಲೆಯೆಂದು ನಾವು ನಂಬಿದ್ದು ಚಪ್ಪಟೆಯಾದ ತೊಟ್ಟು. ವಾಟಲ್ ಬಳಗದ್ದೇ ಆದ ಮಲೆನಾಡಿನ ನೆಡುತೋಪುಗಳ ಅಕೇಶಿಯಾದ್ದೂ ಇದೇ ಕಥೆ: ಎಳೆ ಸಸಿಯಲ್ಲಿ ಗರಿಗರಿಯಾದ ನಿಜವಾದ ಎಲೆ ಮೂಡುತ್ತದೆ, ಬರಬರುತ್ತಾ ಆ ಗರಿ ಮಾಯವಾಗಿ ತೊಟ್ಟೇ ಅಗಲವಾಗುತ್ತದೆ. ಇಷ್ಟಾದರೂ ಈ ಕುಲದ ಪ್ರಭಾವ ಕಮ್ಮಿಯಲ್ಲ. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರು ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಬಳಗಕ್ಕೇ ಬರೆದುಕೊಟ್ಟರು; ನಮ್ಮ ಕರಿಜಾಲಿ ವ್ಯಾಚೆಲಿಯಾ ಆಯಿತು. ಜಾಲಿಗೆ ನೋಟೀಸು ಇನ್ನೂ ಮುಟ್ಟಿದಂತಿಲ್ಲ, ಮುಳ್ಳು ಹಳೆಯ ಹೆಸರಿನಲ್ಲೇ ಚುಚ್ಚುತ್ತಿದೆ.
ಸಿದ್ಧಾಂತ: ಎಲೆ ನೋಡತಕ್ಕದ್ದಲ್ಲ.

ಸೂತ್ರ 2: ಬಣ್ಣವೇ ಪ್ರಮಾಣ.
ಭಾಷ್ಯ: ಸಿಡ್ನಿ ಸುತ್ತಲಿನ ಮರಳುಗಲ್ಲಿನ ಪೊದೆಗಾಡಿನಲ್ಲಿ ಹಳದಿಗೆ ಕೆಂಪು ಬೆರೆತ, ಅವರೆ ಜಾತಿಯ ಪುಟ್ಟ ಹೂಗಳು ವಸಂತದಲ್ಲಿ ತುಂಬಿಕೊಳ್ಳುತ್ತವೆ. ಅಲ್ಲಿನವರು ಎಲ್ಲಕ್ಕೂ ಒಟ್ಟಾಗಿ 'ಎಗ್ ಅಂಡ್ ಬೇಕನ್' ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಮಡಿವಂತ ಪಂಡಿತರು ಇದನ್ನು ದೂರದಿಂದಲೇ ಗುರುತಿಸಬಹುದು. ಹತ್ತಿರ ಹೋದವರಿಗೆ ಕಷ್ಟ: ಎಲೆಯ ಬುಡದಲ್ಲಿ ಸಾಸಿವೆಗಿಂತ ಸಣ್ಣದೊಂದು ಕಂದು ಚಕ್ಕೆ ಅಂಟಿಕೊಂಡಿದ್ದರೆ ಪಲ್ಟೆನಿಯಾ, ಇಲ್ಲದಿದ್ದರೆ ಡಿಲ್ವೀನಿಯಾ ಇರಬಹುದು, ಕಾಯಿ ಮುಮ್ಮೂಲೆಯಾಗಿದ್ದರೆ ಡೇವೀಸಿಯಾ.
ಸಿದ್ಧಾಂತ: ಎಲೆಯನ್ನೇ ನೋಡತಕ್ಕದ್ದು. ಮೊದಲನೆಯ ಸಿದ್ಧಾಂತ ಈ ಮೂಲಕ ರದ್ದು.

ಸೂತ್ರ 3: ಕಾಯಿಯಿಂದ ಕುಲ ನಿರ್ಣಯ.
ಭಾಷ್ಯ: ಗ್ರೆವಿಲಿಯಾ, ಹೇಕಿಯಾ ಎರಡರ ಹೂವಿನಲ್ಲೂ ಶಲಾಕೆ ಕೊಕ್ಕೆಯಂತೆ ಹೊರಚಾಚಿರುತ್ತದೆ. ಹೇಕಿಯಾದ ಕಾಯಿ ಮರದ ಗಂಟಿನಷ್ಟು ಗಟ್ಟಿ. ಅನೇಕ ಜಾತಿಗಳಲ್ಲಿ ಕಾಡ್ಗಿಚ್ಚು ಬಿದ್ದ ಮೇಲೆಯೇ ಅದು ಎರಡು ಹೋಳಾಗಿ, ರೆಕ್ಕೆಯುಳ್ಳ ಎರಡು ಬೀಜಗಳನ್ನು ಬಿಡುತ್ತದೆ. ಗ್ರೆವಿಲಿಯಾದ ಕಾಯಿಗೆ ತೆಳು ಸಿಪ್ಪೆ. ಕೊಡಗಿನ ಕಾಫಿ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಓಕ್ ಕೂಡ ಓಕ್ ಅಲ್ಲ, ಪೂರ್ವ ಆಸ್ಟ್ರೇಲಿಯಾದಿಂದ ಬಂದ ಗ್ರೆವಿಲಿಯಾ.
ಪೂರ್ವಪಕ್ಷ: ಗಿಡದಲ್ಲಿ ಹೂ ಮಾತ್ರ ಇದ್ದರೆ?
ಸಿದ್ಧಾಂತ: ಕಾಯತಕ್ಕದ್ದು.

ಸೂತ್ರ 4: ಪ್ರತ್ಯಕ್ಷವಾದದ್ದೇ ಹೂವು.
ಭಾಷ್ಯ: ಥೆಲಿಮಿಟ್ರಾ ಎಂಬ ಸೂರ್ಯ ಆರ್ಕಿಡ್ ಬಿಸಿಲು ಚೆನ್ನಾಗಿ ಕಾದರೆ ಮಾತ್ರ ದಳ ಬಿಚ್ಚುತ್ತದೆ, ಮೋಡದ ದಿನ ಬಂದವರಿಗೆ ಮೊಗ್ಗಿನ ದರ್ಶನ. ಇದಾದರೂ ವಾಸಿ. ಪಶ್ಚಿಮ ಆಸ್ಟ್ರೇಲಿಯಾದ ರೈಜಾಂಥೆಲ್ಲಾ ಗಾರ್ಡ್ನೆರಿ ಮಣ್ಣಿನೊಳಗೇ ಅರಳುತ್ತದೆ. ಹಸಿರೆಂಬುದೇ ಇಲ್ಲ; ಪೊದೆಯ ಬೇರಿಗಂಟಿದ ಶಿಲೀಂಧ್ರದ ಮೂಲಕ ಅದಕ್ಕೆ ಅನ್ನ. 1928ರಲ್ಲಿ ಕೊರಿಗಿನ್ ಬಳಿ ರೈತನೊಬ್ಬ ಹೊಲ ಉಳುವಾಗ ಅದು ಪತ್ತೆಯಾಯಿತು. ಸಸ್ಯಶಾಸ್ತ್ರದ ಭೂತಗನ್ನಡಿಗಳು ಕಾಣದ್ದನ್ನು ನೇಗಿಲು ಕಂಡಿತು.
ಸಿದ್ಧಾಂತ: ಹೂ ಕಾಣದ ಕಡೆ ಹೂವಿಲ್ಲವೆಂದು ಹೇಳತಕ್ಕದ್ದಲ್ಲ.

ಸೂತ್ರ 5: ಸಂದೇಹ ಬಂದರೆ ಸ್ಥಳೀಯರನ್ನು ಕೇಳು.
ಭಾಷ್ಯ: ಸ್ಥಳೀಯರಲ್ಲಿ ಹೂವಿನ ಒಡನಾಟ ಹೆಚ್ಚಿರುವುದು ಕಣಜಕ್ಕೆ. ನೈರುತ್ಯ ಮೂಲೆಯ ಹ್ಯಾಮರ್ ಆರ್ಕಿಡ್‌ನ ತುಟಿ ರೆಕ್ಕೆಯಿಲ್ಲದ ಹೆಣ್ಣು ಕಣಜದ ರೂಪ ತಳೆದು, ಅದರ ವಾಸನೆಯನ್ನೂ ಬೀರುತ್ತದೆ. ಗಂಡು ಕಣಜ ವಧುವನ್ನು ಎತ್ತಿಕೊಂಡು ಹಾರಲು ಹೊರಟಾಗ ತುಟಿಯ ಕೀಲು ಮಡಚಿ ಅದನ್ನು ಹೂವಿನ ಕಂಬಕ್ಕೆ ಅಪ್ಪಳಿಸುತ್ತದೆ; ಬೆನ್ನಿಗೆ ಪರಾಗದ ಉಂಡೆ ಅಂಟುತ್ತದೆ. ವರ ಸುಧಾರಿಸಿಕೊಂಡು ಇನ್ನೊಂದು ಹೂವಿನಲ್ಲೂ ಅದೇ ತಪ್ಪು ಮಾಡಿದರೆ ಪರಾಗಸ್ಪರ್ಶ ಸಂಪನ್ನ.
ಸಿದ್ಧಾಂತ: ತಪ್ಪು ಗುರುತಿಸುವಿಕೆಯಿಂದಲೇ ಒಂದು ಸಸ್ಯಕುಲ ಬೆಳೆಯುತ್ತಿರುವುದರಿಂದ ಪಂಡಿತರು ನಾಚಬೇಕಿಲ್ಲ.

ಉಪಸಂಹಾರ
ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರಿ ಜಮೀನಿನಲ್ಲಿ ಪರವಾನಗಿ ಇಲ್ಲದೆ ಕಾಡುಹೂ ಕೀಳುವುದು ಅಪರಾಧ. ಆದ್ದರಿಂದ ಯಾವ ಪ್ರತಿವಾದಿಯೂ ಹೂವನ್ನು ಸಭೆಗೆ ತಂದು ನಮ್ಮನ್ನು ಖಂಡಿಸಲಾರ. ಫೋಟೊ ತೋರಿಸಿದರೆ 'ಇದರಲ್ಲಿ ಕಾಯಿ ಕಾಣುತ್ತಿಲ್ಲವಲ್ಲ' ಎನ್ನತಕ್ಕದ್ದು. ಕಾಯಿಯೂ ಕಂಡರೆ ಎಲೆಯ ಬುಡದ ಚಕ್ಕೆಯನ್ನು ಕೇಳತಕ್ಕದ್ದು. ಅದೂ ಕಂಡರೆ, ವಿಯೆನ್ನಾದ ನಂತರ ಹೆಸರು ಬದಲಾಗಿದೆ ಎನ್ನತಕ್ಕದ್ದು.