ಲಿಂಗಸುಗೂರ ಬಸ್ ಹತ್ತಬ್ಯಾಡ್ರಿ, ಮಾಸ್ತರ

ತಡೀರಿ ಮಾಸ್ತರ, ಒಂದು ಪಾಸ್‌ವರ್ಡ್ ಸಲುವಾಗಿ ಸಿಂಧನೂರಿಂದ ಲಿಂಗಸುಗೂರಿಗಿ ಬಸ್ ಹತ್ತೋರು ಯಾರ್ರಿ? ಅಲ್ಲಿ ನಿಮ್ಮ ಸೈಟ್ ಮಾಡಿಕೊಟ್ಟ ಹುಡುಗ ನಿಮ್ಮ ಪಾಸ್‌ವರ್ಡ್ ಗಲ್ಲೇದಾಗ ಇಟ್ಕೊಂಡು ಕುಂತಾನೇನು? ಈ ಗ್ವಾಡಿ ಮ್ಯಾಲ ಫೋನ್ ಇಡ್ರಿ, 'ಪಾಸ್‌ವರ್ಡ್ ಮರೆತಿರಾ?' ಒತ್ರಿ, ಏನಂತೈತಿ ನೋಡೂಣು.

'ಈ ಹೆಸರಿನ ಖಾತೆ ಇಲ್ಲ' ಅಂತೈತಿ. ಏನು ಹೆಸರು ಹಾಕೀರಿ? ದೇವಾನಾಂಪಿಯ! ಹೌದ್ರಿ, ಲೇಖನದ ಮ್ಯಾಲ ಅದೇ ಕಾಣ್ತೈತಿ. ಅದು ಮಂದಿಗೆ ತೋರಿಸೋ ಹೆಸರು. ಲಾಗಿನ್ ಹೆಸರು ಬ್ಯಾರೆ. ನಿಮ್ಮ ಸೈಟ್ ನಡೆಸೋ ವರ್ಡ್‌ಪ್ರೆಸ್ ಎರಡನ್ನೂ ಬ್ಯಾರೆ ಬ್ಯಾರೆ ಖಾನೇದಾಗ ಇಡ್ತೈತಿ. ನಿಮಗ ನಾ ಹೇಳಬೇಕೇನ್ರಿ? 1915ರಾಗ ಬಂಗಾರ ಹುಡುಕೋ ಇಂಜಿನಿಯರ್ ಬೀಡನ್‌ಗ ಮಸ್ಕಿ ಶಾಸನ ಸಿಗೋ ತನಕ, ಈ ದೇವಾನಾಂಪಿಯ ಅಶೋಕನೇ ಅಂತ ಯಾ ಕಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ ಅಂತ ನೀವೇ ಬರದೀರಿ. ಮಸ್ಕಿ ಕಲ್ಲು ಎರಡೂ ಹೆಸರು ಹೇಳ್ತೈತಿ, ಈ ಯಂತ್ರ ಹೇಳಂಗಿಲ್ಲ. ಹೆಸರಿನ ಗೊಡವಿ ಬಿಟ್ಟು ಇಮೇಲ್ ಹಾಕ್ರಿ, ಅದನ್ನೂ ತಗೋತೈತಿ.

ಹಳೇ ಪಾಸ್‌ವರ್ಡನ್ನೇ ಹೇಳಿಬಿಟ್ರ ಇದರ ಗಂಟೇನು ಹೋಗ್ತಿತ್ತು ಅಂತೀರಿ. ಅದಕ್ಕೂ ಗೊತ್ತಿಲ್ರಿ! ನೀವು ಹೊಡದ ಅಕ್ಷರ ಹಂಗ ಇಡಂಗಿಲ್ಲ, ಹ್ಯಾಶ್ ಮಾಡಿ ಇಡ್ತೈತಿ. ಭತ್ತ ಒಯ್ದ್ರ ಗಿರಣ್ಯಾಂವ ಅಕ್ಕಿ ಮಾಡಿಕೊಡ್ತಾನ. ಅಕ್ಕಿ ಒಯ್ದು ಭತ್ತ ಮಾಡಿಕೊಡು ಅಂದ್ರ? ಹಳೇ ಪಾಸ್‌ವರ್ಡ್ ಮೇಲ್‌ನ್ಯಾಗ ಬರದು ಕಳಿಸೋ ಸೈಟ್ ಎಲ್ಲರೆ ಸಿಕ್ರ ಅದರ ಸಹವಾಸನ ಬ್ಯಾಡ.

ಬಂತ್ ನೋಡ್ರಿ, ಹೊಸ ಪಾಸ್‌ವರ್ಡ್ ಇಡೋ ಲಿಂಕಿನ ಮೇಲ್. ಅಯ್ಯ, ಅದನ್ಯಾಕ ಒತ್ತಿದ್ರಿ? ಅದು ನಿನ್ನೆ ತರಿಸಿದ್ದು. ಹೊಸ ಲಿಂಕ್ ಕೇಳಿದ ಕೂಡಲೇ ಹಳೇದರ ಕೀಲಿ ಅಳಿಸಿ ಹೋಗ್ತೈತಿ. ಅಳಿಸದಿದ್ರೂ ಒಂದು ದಿನದ ಮ್ಯಾಲ ನಡಿಯಂಗಿಲ್ಲ. ಮಂದಿ ಮಾಡೋದೇನು, ಮೇಲ್ ತಡ ಆತು ಅಂತ ಮತ್ತ ಮತ್ತ ಬಟನ್ ಒತ್ತೋದು, ಮೊದಲ ಬಂದದ್ದನ್ನ ತೆಗೆಯೋದು, ಕೀಲಿ ಸರಿ ಇಲ್ಲ ಅಂತ ಬೈಯೋದು. ಒಂದೇ ಸಲ ಒತ್ತಿ ಚಾ ಕುಡದು ಬರಬೇಕ್ರಿ.

ಮೇಲೇ ಬರಲಿಲ್ಲಂದ್ರ ಮೊದಲ ಸ್ಪ್ಯಾಮ್ ನೋಡ್ರಿ. ಸೈಟ್ ಇರೋ ಸರ್ವರ್ ತಾನೇ ಮೇಲ್ ಹಾಕ್ತೈತಿ. ಆ ಡೊಮೇನ್ ಹೆಸರಿಲೆ ಕಳಸಾಕ ಅದಕ್ಕ ಹಕ್ಕೈತಿ ಅನ್ನೋ ದಾಖಲೆ ಇಲ್ಲಂದ್ರ ಆಚೆ ಕಡೆಯವರು ನಂಬಂಗಿಲ್ಲ. ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಸರಿಯಾದ ಮೇಲ್ ಖಾತೆಯಿಂದ ಹೋಗೋ ಹಂಗ ಮಾಡಬೇಕು. ಪ್ಲಗಿನ್ ಹಾಕಾಕ ಒಳಗ ಹೋಗಬೇಕಲ್ಲ ಅಂತೀರಿ, ಖರೆ! ಅದಕ್ಕೇ ಇದನ್ನ ಎಲ್ಲಾ ಚಲೋ ಇದ್ದಾಗ ಮಾಡಿಡಬೇಕು.

ಸಿಮ್ ಸತ್ತು, ಅದರ ಜೊತಿ ಇಮೇಲೂ ಕೈಬಿಟ್ಟು ಹೋಗಿದ್ರ? ಆವಾಗ ಹೋಸ್ಟಿಂಗ್ ಪ್ಯಾನಲ್‌ನ್ಯಾಗ ಪಿಎಚ್‌ಪಿಮೈಅಡ್ಮಿನ್ ತೆಗೆದು, ಬ್ಯಾಕಪ್ ತಗೊಂಡು, ಯೂಸರ್ಸ್ ಟೇಬಲ್‌ನ್ಯಾಗ ನಿಮ್ಮ ಸಾಲಿನ ಇಮೇಲ್ ಬದಲಿ ಮಾಡೋದು. ಆಮ್ಯಾಲ ಮಾಮೂಲಿ ಲಿಂಕ್.

ಆ, ಹೊಸ ಲಿಂಕ್ ತೆಗೀತು! ಅದೇ ಒಂದು ಉದ್ದಾನ ಪಾಸ್‌ವರ್ಡ್ ಕೊಟ್ಟೈತಿ, ಹಂಗ ಬರಕೊಳ್ರಿ. ಬ್ಯಾಡ? 'ಮಸ್ಕಿ1915' ಬೇಕಾ? 'ದುರ್ಬಲ' ಅಂತ ಅದೇ ಹೇಳಾಕತ್ತೈತಿ ನೋಡ್ರಿ. ನಿಮ್ಮ ಲೇಖನ ಓದಿದಾಂವ ಯಾಂವರೆ ಇದನ್ನ ಹೇಳ್ತಾನ, ಮಾಸ್ತರ. ಹೋಗ್ಲಿ, ಪೆನ್ನು ತರ್ರಿ, ನಾ ಓದ್ತೀನಿ ನೀವು ಬರೀರಿ.