ಎರಡನೆಯ ಕುರ್ಚಿಯ ಸಾಹೇಬರು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹೆಡ್ ಕೋಚ್ ಯಾರೆಂದು ಯಾರೂ ತೋರಿಸಿಕೊಡಬೇಕಿಲ್ಲ. ಅಂಕಣದ ಅಂಚಿನಲ್ಲಿ 38 ಅಡಿ ಜಾಗವನ್ನು ಅವರಿಗೆಂದೇ ಗುರುತು ಹಾಕಿ ಬಿಟ್ಟಿರುತ್ತಾರೆ. ಅದರೊಳಗೆ ಅವರು ಶತಪಥ ತುಳಿಯುತ್ತ, ರೆಫ್ರಿಯ ಕಣ್ಣಿನ ಆರೋಗ್ಯ ವಿಚಾರಿಸುತ್ತ, ಆಗಾಗ ಆಕಾಶ ನೋಡುತ್ತ ಇರುತ್ತಾರೆ. ಅವರ ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಹಾಳೆಗಳ ಕಂತೆ ಇಟ್ಟುಕೊಂಡು ಕೂತವರೇ ಅಸಿಸ್ಟೆಂಟ್ ಕೋಚ್. ಹಾಗೆ ನಿಂತು ಓಡಾಡುವ ಹಕ್ಕು ಅವರಿಗಿಲ್ಲ. ಚೆಂಡು ಬುಟ್ಟಿಗೆ ಬಿದ್ದರೆ ಎದ್ದು ಚಪ್ಪಾಳೆ ತಟ್ಟಬಹುದು. ತಟ್ಟಿದ ಮೇಲೆ ಕೂರಬೇಕು. ಹೆಡ್ ಕೋಚ್ ಗೆರೆ ದಾಟಿ ರೆಫ್ರಿಯ ಮೇಲೆ ಏರಿಹೋಗುವಾಗ ಹಿಂದಿನಿಂದ ಅಂಗಿ ಹಿಡಿದೆಳೆಯಲು ಮಾತ್ರ ಇವರು ಏಳಲೇಬೇಕು. ಇಡೀ ಪಂದ್ಯದಲ್ಲಿ ಇವರ ತೋಳ್ಬಲ ಕಾಣುವುದು ಆಗಲೇ.

ಈ ಕುರ್ಚಿ ಸಿಗುವುದೂ ಸುಲಭವಲ್ಲ. ಮೊದಲು ಗ್ರಾಜುಯೇಟ್ ಅಸಿಸ್ಟೆಂಟ್: ಎಂ.ಎ. ಓದುವ ನೆಪದಲ್ಲಿ ಅಭ್ಯಾಸದ ಹೊತ್ತಿಗೆ ಚೆಂಡು ಹೆಕ್ಕಿಕೊಡುವ ಕೆಲಸ. ಆಮೇಲೆ ವಿಡಿಯೊ ಕೋಆರ್ಡಿನೇಟರ್: ಎದುರಾಳಿ ತಂಡದ ಪಂದ್ಯಗಳನ್ನು ನಡುರಾತ್ರಿಯವರೆಗೆ ನೋಡಿ ತುಂಡು ತುಂಡು ಮಾಡಿಡುವುದು. ಅದರಾಚೆಗೆ ಡೈರೆಕ್ಟರ್ ಆಫ್ ಆಪರೇಷನ್ಸ್. ಹೆಸರು ಕೇಳಿದರೆ ಸೇನಾಧಿಕಾರಿ ಅನ್ನಿಸಬೇಕು. ಕೆಲಸ ಬಸ್ಸು ಬಂತೇ, ಹೋಟೆಲಿನಲ್ಲಿ ಏಳಡಿ ಹುಡುಗನಿಗೆ ಉದ್ದದ ಮಂಚ ಇದೆಯೇ ಎಂದು ನೋಡುವುದು. ಇಷ್ಟೆಲ್ಲ ದಾಟಿದವರ ಕಣ್ಣು ಆ ಎರಡನೆಯ ಕುರ್ಚಿಯ ಮೇಲೆ. 2023ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ದಯೆ ತೋರಿ ಪುರುಷರ ತಂಡಕ್ಕೆ ಮೂವರಿದ್ದ ಅಸಿಸ್ಟೆಂಟರನ್ನು ಐವರಿಗೇರಿಸಿತು. ಆಟಗಾರರೂ ಅಂಕಣದಲ್ಲಿ ಐವರೇ. ತಲೆಗೊಬ್ಬರಂತೆ ಹಂಚಿಕೊಳ್ಳಬಹುದು.

ಆದರೆ ಇವರ ನಿಜವಾದ ಉದ್ಯೋಗ ಅಂಕಣದಲ್ಲಿಲ್ಲ, ಹುಡುಗರನ್ನು ಹಿಡಿದು ತರುವುದರಲ್ಲಿದೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿಗೆ ಮೊಳೆ ಹೊಡೆದು ತೂಗುಹಾಕಿ ಈ ಆಟ ಶುರುಮಾಡಿದರು. ಇಂದು ದಕ್ಷಿಣ ಕೆರೊಲಿನಾದ ನಾರ್ತ್ ಅಗಸ್ಟಾದಲ್ಲಿ ಜುಲೈ ಸೆಕೆಯಲ್ಲಿ ನಡೆಯುವ ಹೈಸ್ಕೂಲ್ ಹುಡುಗರ ಟೂರ್ನಿಗೂ 'ಪೀಚ್ ಜ್ಯಾಮ್' ಎಂದೇ ಹೆಸರು. ನೈಸ್ಮಿತ್ ಬುಟ್ಟಿಯಿಂದ ಹಣ್ಣು ತೆಗೆದರು, ಇವರು ಹಣ್ಣು ಹುಡುಕುತ್ತಾರೆ. ಅಲ್ಲಿ ನೂರಾರು ಅಸಿಸ್ಟೆಂಟರು ತಂತಮ್ಮ ಕಾಲೇಜಿನ ಲಾಂಛನದ ಟೀ ಶರ್ಟ್ ತೊಟ್ಟು ಸಾಲಾಗಿ ಕೂತಿರುತ್ತಾರೆ. ಆ ಟೂರ್ನಿಯಲ್ಲಿ ಆಟ ನೋಡಬಹುದು, ಹುಡುಗನನ್ನು ಮಾತಾಡಿಸುವಂತಿಲ್ಲ. ಹಾಗಾಗಿ ಇವರು ಆಟ ನೋಡಲು ಹೋಗುವುದಲ್ಲ, ಹುಡುಗನಿಗೆ ಕಾಣಲು ಹೋಗುವುದು. ಅವನ ಎದುರಿಗೆ ಬೀಳುವ ಜಾಗ ಹಿಡಿದು, ಲಾಂಛನ ಮುಚ್ಚದ ಹಾಗೆ ಕೈಕಟ್ಟಿ, ಅವನು ಚೆಂಡು ಬಿಟ್ಟುಕೊಟ್ಟರೂ ಮೆಚ್ಚುಗೆಯಿಂದ ತಲೆಯಾಡಿಸಿ, ಸಂಜೆ ಮೂಕನೋವಿನಿಂದ ಹೋಟೆಲಿಗೆ ಮರಳುತ್ತಾರೆ.

ಮಾತಿಗೆ ಅನುಮತಿ ಇರುವ ದಿನಗಳಲ್ಲಿ ಕಟ್ಟೆಯೊಡೆಯುತ್ತದೆ. ಹುಡುಗನಿಗೆ, ಅವನ ತಾಯಿಗೆ, ಅಜ್ಜಿಗೆ, ಕ್ಷೌರ ಮಾಡುವವನಿಗೆ ಎಲ್ಲರಿಗೂ ಫೋನು. ಅಜ್ಜಿಯ ಮಂಡಿನೋವು ಈಗ ಹೇಗಿದೆ ಎಂಬುದು ಅವರ ಸ್ವಂತ ಮಕ್ಕಳಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ಅಷ್ಟು ಮಾಡಿ ಕರೆತಂದ ಹುಡುಗ ಒಂದು ಚಳಿಗಾಲ ಆಡಿ, 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಬೇರೆ ಕಾಲೇಜಿಗೆ ನಡೆದಿರುತ್ತಾನೆ. 2025ರ ಜುಲೈಯಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಇನ್ನು ಕೆಲವು ಕಡೆ ಗದರಿಸುವ ಮುಂಚೆ ಯಾರ ಸಂಬಳ ಹೆಚ್ಚು ಎಂದು ನೋಡಿಕೊಳ್ಳುವುದು ಕ್ಷೇಮ.

ಪಂದ್ಯದ ನಡುವೆ ಟೈಮ್‌ಔಟ್ ಕರೆದಾಗ ಗಮನಿಸಿ. ಹೆಡ್ ಕೋಚ್ ಮೊದಲು ಅಸಿಸ್ಟೆಂಟರನ್ನು ಅಂಕಣದ ಮೇಲೆ ಸುತ್ತ ಸೇರಿಸಿಕೊಳ್ಳುತ್ತಾರೆ. ಒಬ್ಬರು ಝೋನ್ ಡಿಫೆನ್ಸ್ ಆಡಿಸೋಣ ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ, ಮೂರನೆಯವರು ಇಬ್ಬರದೂ ಸರಿ ಅನ್ನುತ್ತಾರೆ. ಎಲ್ಲ ಕೇಳಿಸಿಕೊಂಡು ಹೆಡ್ ಕೋಚ್ ಹುಡುಗರ ಬಳಿ ಹೋಗಿ, ತಾವು ಮೊದಲೇ ಅಂದುಕೊಂಡದ್ದನ್ನು ಹೇಳುತ್ತಾರೆ. ಗೆದ್ದರೆ ಹೆಡ್ ಕೋಚಿನ ತಂತ್ರ, ಸೋತರೆ ಅಸಿಸ್ಟೆಂಟ್ ಬರೆದುಕೊಟ್ಟ ಸ್ಕೌಟಿಂಗ್ ರಿಪೋರ್ಟಿನ ತಪ್ಪು. ಇವರ ಹೆಸರು ಮುಖಪುಟಕ್ಕೆ ಬರುವುದೂ ವಿರಳ. 2017ರ ಸೆಪ್ಟೆಂಬರಿನಲ್ಲಿ ಒಮ್ಮೆ ಬಂತು: ಲಂಚದ ಪ್ರಕರಣದಲ್ಲಿ ಎಫ್‌ಬಿಐ ನಾಲ್ವರು ಅಸಿಸ್ಟೆಂಟ್ ಕೋಚ್‌ಗಳನ್ನು ಬಂಧಿಸಿತು. ಅಂದು ಬಂಧಿತರಾದವರಲ್ಲಿ ಹೆಡ್ ಕೋಚ್ ಒಬ್ಬರೂ ಇರಲಿಲ್ಲ. ಅಲ್ಲಿಯೂ ಕೆಲಸ ಅಸಿಸ್ಟೆಂಟರ ಪಾಲಿಗೇ ಬಂತು.

ಸಂಬಳದ ಕಥೆ ಇನ್ನೂ ಸೊಗಸು. ಖರ್ಚು ತಗ್ಗಿಸಬೇಕೆಂದು 1991ರಲ್ಲಿ ತಲೆಕೆಡಿಸಿಕೊಂಡ ಎನ್‌ಸಿಎಎಗೆ ಹೊಳೆದದ್ದು ಹೆಡ್ ಕೋಚುಗಳಲ್ಲ. ಪ್ರತಿ ತಂಡದ ಕಟ್ಟಕಡೆಯ ಅಸಿಸ್ಟೆಂಟ್. ಅವರ ಸಂಬಳ ವರ್ಷಕ್ಕೆ 16,000 ಡಾಲರ್ ಮೀರಬಾರದೆಂದು ಕಟ್ಟು ಹಾಕಿತು. ಕೂತೇ ಅಭ್ಯಾಸವಾಗಿದ್ದ ಜನ ಆಗ ಮಾತ್ರ ಎದ್ದು ನಿಂತರು. ಕೋರ್ಟಿನಲ್ಲಿ ಗೆದ್ದರು. 1999ರಲ್ಲಿ 5.45 ಕೋಟಿ ಡಾಲರ್ ಕೊಟ್ಟು ಎನ್‌ಸಿಎಎ ರಾಜಿ ಮಾಡಿಕೊಂಡಿತು. ಉಳಿತಾಯ ಅಂದರೆ ಹೀಗಿರಬೇಕು.

ಹೆಡ್ ಕೋಚನ್ನು ಕಾಲೇಜು ಮನೆಗೆ ಕಳಿಸಿದರೆ ಅಸಿಸ್ಟೆಂಟರೂ ಗಂಟುಮೂಟೆ ಕಟ್ಟಬೇಕು. ಹೆಡ್ ಕೋಚ್ ದೊಡ್ಡ ಕಾಲೇಜಿಗೆ ಹಾರಿದರೂ ಕಟ್ಟಬೇಕು. ಅವರು ಜೊತೆಗೆ ಕರೆದರೆ ಅಲ್ಲಿಗೆ, ಕರೆಯದಿದ್ದರೆ ಎನ್‌ಸಿಎಎ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಣಾಹಣಿ, ಅಂದರೆ ಫೈನಲ್ ಫೋರ್, ನಡೆಯುವ ಊರಿಗೆ. ಅಲ್ಲೇ ಪ್ರತಿವರ್ಷ ಕೋಚುಗಳ ಸಂಘದ ಸಮಾವೇಶ. ಹೋಟೆಲಿನ ಲಾಬಿಯಲ್ಲಿ ಕೆಲಸ ಹೋದವರು, ಹೋಗಲಿರುವವರು ಎಲ್ಲರೂ ಇಸ್ತ್ರಿ ಬಟ್ಟೆ ತೊಟ್ಟು ಕೈಕುಲುಕುತ್ತ ಓಡಾಡುತ್ತಾರೆ. ಒಬ್ಬರೊಡನೆ ನಗುತ್ತ ಮಾತಾಡುತ್ತಲೇ ಅವರ ಹೆಗಲ ಮೇಲಿಂದ, ಇವರಿಗಿಂತ ದೊಡ್ಡವರು ಯಾರಾದರೂ ಬಂದರೇ ಎಂದು ನೋಡುವ ಕಲೆ ಅಲ್ಲಿ ಕಲಿಯಬೇಕು.

ಆ ಲಾಬಿಯಲ್ಲಿ ಮಿಷಿಗನ್ನಿನ ಸ್ಟೀವ್ ಫಿಷರ್ ಹೆಸರು ಹೇಳದವರಿಲ್ಲ. 1989ರಲ್ಲಿ ಎನ್‌ಸಿಎಎ ಟೂರ್ನಿಗೆ ಇನ್ನೇನು ಹೊರಡಬೇಕು ಎನ್ನುವಾಗ ಹೆಡ್ ಕೋಚ್ ಬಿಲ್ ಫ್ರೀಡರ್ ಅರಿಜೋನಾ ಸ್ಟೇಟ್ ಸೇರುವ ಸುದ್ದಿ ಬಂತು. ಕಾಲೇಜು ಅವರನ್ನು ಅಲ್ಲೇ ಇಳಿಸಿ ಅಸಿಸ್ಟೆಂಟ್ ಫಿಷರನ್ನು ಕೂರಿಸಿತು. ಫಿಷರ್ ಆರಕ್ಕೆ ಆರೂ ಗೆದ್ದು, ಫೈನಲಿನಲ್ಲಿ ಸೀಟನ್ ಹಾಲ್ ತಂಡವನ್ನು 80–79ರಿಂದ ಸೋಲಿಸಿ ಚಾಂಪಿಯನ್ ಆದರು. ಅಂದಿನಿಂದ ಪ್ರತಿ ಅಸಿಸ್ಟೆಂಟ್ ಮಾರ್ಚ್ ತಿಂಗಳಲ್ಲಿ ತನ್ನ ಹೆಡ್ ಕೋಚಿನ ಏಳಿಗೆಗೆ ವಿಶೇಷವಾಗಿ ಪ್ರಾರ್ಥಿಸುತ್ತಾನೆ.

ಹಾಗೆ ಬಡ್ತಿ ಸಿಕ್ಕ ಮರುದಿನವೇ ಇವರಿಗೂ ಹೊಸ ಅಸಿಸ್ಟೆಂಟ್ ಬೇಕಾಗುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಎದ್ದು ನಿಂತ ಹೊಸ ಅಸಿಸ್ಟೆಂಟನ್ನು ಮೊದಲು ಗದರಿ ಕೂರಿಸುವವರು ಇವರೇ. ಬಡ್ತಿಗೆ ಆತುರಪಡದವರೂ ಇದ್ದರು: ನಾರ್ತ್ ಕೆರೊಲಿನಾದ ಬಿಲ್ ಗತ್ರಿಜ್. ಅಲ್ಲಿನ ಹೆಡ್ ಕೋಚ್ ಡೀನ್ ಸ್ಮಿತ್ ಪಕ್ಕದಲ್ಲಿ 30 ವರ್ಷ ಕೂತು, 60ರ ವಯಸ್ಸಿನಲ್ಲಿ ಹೆಡ್ ಕೋಚ್ ಆದರು. ಮೊದಲ ವರ್ಷವೇ 34 ಗೆಲುವು, 4 ಸೋಲು. ಮೂರು ವರ್ಷಗಳಲ್ಲಿ ಎರಡು ಸಲ ಫೈನಲ್ ಫೋರ್ ಮುಟ್ಟಿ 2000ದಲ್ಲಿ ನಿವೃತ್ತರಾದರು. ಎರಡನೆಯ ಕುರ್ಚಿಯಲ್ಲಿ ಕೂತವರಿಗೆ ಕೆಲಸ ಬರುವುದಿಲ್ಲ ಎನ್ನುವವರಿಗೆ ಈ ಲೆಕ್ಕವೇ ಉತ್ತರ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಪಕ್ಕದ ಮನೆಯವರು ಕಾಲೇಜಿನ ಅಸಿಸ್ಟೆಂಟ್ ಕೋಚ್ ಎಂದು ಗೊತ್ತಾದರೆ ಧಾರಾಳವಾಗಿ ಮಾತಾಡಿಸಿ. ಮಾತು ಅವರ ಕಸುಬು, ಚೆನ್ನಾಗಿ ಆಡುತ್ತಾರೆ. ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಮಾತ್ರ ಕೇಳಬೇಡಿ.