ಗದ್ದ ಸ್ವಲ್ಪ ಕೆಳಗೆ

ಮದುವೆ ಮನೆಯಲ್ಲಿ ಶಾಸಕರ ತೋಳು ಹಿಡಿದು ಪಕ್ಕಕ್ಕೆ ಸರಿಸುವ ಅಧಿಕಾರ ಇರುವುದು ಒಬ್ಬನಿಗೆ ಮಾತ್ರ. ಹೆಣ್ಣಿನ ತಂದೆಗೆ ಅಷ್ಟು ಧೈರ್ಯವಿಲ್ಲ, ಪುರೋಹಿತರಿಗೆ ಅಷ್ಟು ಪುರುಸೊತ್ತಿಲ್ಲ. ಫೋಟೋದಣ್ಣ ಮಾತ್ರ ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ಬಂದು, "ಸಾರ್, ಹಾರ ಅಡ್ಡ ಬರ್ತೈತೆ, ಒಂಚೂರು ಈ ಕಡೆ" ಅನ್ನುತ್ತಾನೆ, ಅವರು ಸರಿಯುತ್ತಾರೆ. "ಗದ್ದ ಸ್ವಲ್ಪ ಕೆಳಗೆ" ಅನ್ನುತ್ತಾನೆ. ವಿಧಾನಸಭೆಯಲ್ಲಿ ಯಾರಿಗೂ ಬಗ್ಗದ ಗದ್ದ ಇಲ್ಲಿ ಬಗ್ಗುತ್ತದೆ.

ತಿಪಟೂರು, ಅರಸೀಕೆರೆ ಕಡೆಯ ಯಾವ ಹೋಬಳಿಗೆ ಹೋದರೂ ಇವನು ಸಿಗುತ್ತಾನೆ. ಗೊಬ್ಬರದಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ ಒಂದು ಕಿರಿದಾದ ಸ್ಟುಡಿಯೋ. ಒಳಗೆ ನೀಲಿ ಪರದೆ, ಸ್ಟೂಲು, ಹಲ್ಲು ಉದುರಿದ ಬಾಚಣಿಗೆ, ಪೌಡರ್ ಡಬ್ಬಿ, ಯಾರ ಅಳತೆಗೂ ಹೊಲಿಸದ ಒಂದು ಕರೀ ಕೋಟು. ಸುತ್ತಲ ಹಳ್ಳಿಗಳ ಅರ್ಧ ಗಂಡಸರು ಜೀವನದಲ್ಲಿ ಒಂದು ಸಲವಾದರೂ ಆ ಕೋಟಿನೊಳಗೆ ಉಸಿರು ಬಿಗಿಹಿಡಿದು ಕೂತವರೇ. ಹೊರಗಿನ ಬೋರ್ಡಿಗೆ ಇನ್ನೂ ಕೊಡ್ಯಾಕ್ ಹಳದಿ ಬಣ್ಣ. ಕೊಡ್ಯಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2012ರ ಜನವರಿಯಲ್ಲಿ. ಬೋರ್ಡಿಗೆ ಆ ಸುದ್ದಿ ಮುಟ್ಟಿಲ್ಲ.

ಕ್ಯಾಮೆರಾ ಕಂಪನಿಯವರು ಕೊಡುವ ಪುಸ್ತಕವನ್ನು ಇವನು ಬಿಚ್ಚಿದವನಲ್ಲ. ಓದುವುದು ಒಂಟಿಕೊಪ್ಪಲ್ ಪಂಚಾಂಗವನ್ನು. ಯುಗಾದಿಗೆ ಅದು ಕೈಗೆ ಬಂದರೆ ಮೊದಲು ಮುಹೂರ್ತದ ಪುಟ, ಅಲ್ಲಿ ಕೆಂಪು ಪೆನ್ನಿನ ಗುರುತು; ವರ್ಷಫಲ, ಆದಾಯ-ವ್ಯಯವೆಲ್ಲ ಆಮೇಲೆ. ನಿಜ ಹೇಳಬೇಕೆಂದರೆ ಅವನ ಆದಾಯ-ವ್ಯಯ ಇರುವುದೂ ಮುಹೂರ್ತದ ಪುಟದಲ್ಲೇ. ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರೂ ಬರಗಾಲ. 2020ರಲ್ಲಿ ಮದುವೆಗೆ ಐವತ್ತೇ ಜನ ಎಂದು ಸರ್ಕಾರ ಹೇಳಿದಾಗ, ಆ ಐವತ್ತರಲ್ಲಿ ಫೋಟೋದವನು ಹೆಣ್ಣಿನ ಕಡೆ ಲೆಕ್ಕವೋ ಗಂಡಿನ ಕಡೆಯೋ ಎಂಬ ಚರ್ಚೆಗೆ ಅವನೇ ಸಾಕ್ಷಿಯಾಗಿ ನಿಂತಿದ್ದ. ಸರ್ಕಾರದ ಜೊತೆ ಹೇಗೋ ಏಗಬಹುದು. 2024ರ ಮೇ, ಜೂನ್ ತಿಂಗಳಲ್ಲಿ ಗುರುವೂ ಶುಕ್ರನೂ ಅಸ್ತರಾಗಿ ಪಂಚಾಂಗದಲ್ಲಿ ಮುಹೂರ್ತವೇ ಬರಿದಾಯಿತಲ್ಲ, ಆಗ ಯಾರ ಹತ್ತಿರ ಹೋಗಿ ಕೇಳುವುದು?

ಇನ್ನು ಧಾರೆಯ ಹೊತ್ತು. ಅಂತರಪಟ ಸರಿಯಬೇಕು, ವಾದ್ಯದವರು ಗಟ್ಟಿಮೇಳಕ್ಕೆ ಕಾಯುತ್ತಿದ್ದಾರೆ, ಪುರೋಹಿತರು ಗಡಿಯಾರ ನೋಡುತ್ತಿದ್ದಾರೆ. ಇವನು ಕೈ ಎತ್ತಿ, "ಸ್ವಾಮ್ಗಳೇ, ಒಂದ್ನಿಮಿಷ, ಲೈಟು" ಅನ್ನುತ್ತಾನೆ. ಮುಹೂರ್ತ ನಿಲ್ಲುತ್ತದೆ. ಜೀರಿಗೆ ಬೆಲ್ಲ ಮದುಮಗಳ ತಲೆಯ ಮೇಲೆ ಎರಡು ಸಲ ಬೀಳುತ್ತದೆ, ಒಂದು ಶಾಸ್ತ್ರಕ್ಕೆ, ಇನ್ನೊಂದು ಆಲ್ಬಮ್ಮಿಗೆ. ತಾಳಿ ಕಟ್ಟಿ ಮುಗಿದ ಮೇಲೂ ಮದುಮಗ ಗಂಟಿನ ಮೇಲೆ ಕೈ ಇಟ್ಟುಕೊಂಡೇ ಕತ್ತು ತಿರುಗಿಸಿ ನಗಬೇಕು. ಆಮೇಲೆ ಅರುಂಧತಿ ದರ್ಶನ. ಹಗಲು ಹನ್ನೊಂದೂವರೆಗೆ, ಕಲ್ಯಾಣ ಮಂಟಪದೊಳಗೆ, ಗಂಡು ಬೆರಳೆತ್ತಿ ಫ್ಯಾನು ತೋರಿಸುತ್ತಾನೆ, ಹೆಣ್ಣು ಕಾಣಿಸಿತು ಎಂದು ತಲೆಯಾಡಿಸುತ್ತಾಳೆ. "ಕೈ ಇನ್ನೂ ಮೇಲಕ್ಕಣ್ಣ, ಟ್ಯೂಬ್‌ಲೈಟ್ ಹತ್ರ."

ಇಷ್ಟರಲ್ಲಿ ಸಭೆಗೆ ಕಂಡದ್ದೇನು? ಇವನ ಬೆನ್ನು. ಜೊತೆಗೆ ವಿಡಿಯೋದವನ ಬೆನ್ನು, ಲೈಟು ಹಿಡಿದ ಹುಡುಗನ ಬೆನ್ನು. ದಂಪತಿಗೆಂದು ಎಸೆದ ಅಕ್ಷತೆಯಲ್ಲಿ ಮುಕ್ಕಾಲು ಪಾಲು ಬೀಳುವುದು ಈ ಮೂವರ ಮೇಲೆ. ಮನೆಗೆ ಹೋಗಿ ಅಂಗಿ ಕೊಡವಿದರೆ ಕಾಲರಿನಿಂದ, ಜೇಬಿನಿಂದ, ಲೆನ್ಸ್ ಚೀಲದಿಂದ ಅರಿಶಿನದ ಅಕ್ಕಿ ಉದುರುತ್ತದೆ. ಸೀಸನ್ನಿನಲ್ಲಿ ಅವನ ಬೈಕಿನ ಸದ್ದು ಕೇಳಿದರೆ ಮನೆಯ ಕೋಳಿಗಳೇ ಮೊದಲು ಓಡಿಬರುತ್ತವೆ.

ಸಂಜೆಯ ಆರತಕ್ಷತೆಯಲ್ಲಿ ಕೆಲಸ ಬೇರೆ. ಮುಯ್ಯಿ ಕವರು ಕೊಡುವವನು ಕೊಟ್ಟ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಕ್ಲಿಕ್ ಆಗುವ ತನಕ ಕಾಯುತ್ತಾನೆ. ನಾಳೆ ಮುಯ್ಯಿ ಪುಸ್ತಕದಲ್ಲಿ ಹೆಸರು ತಪ್ಪಿದರೆ ದಾಖಲೆ ಬೇಕಲ್ಲ! ರೋಲಿನ ಕಾಲದಲ್ಲಿ ಈ ಸಾಲು ದೊಡ್ಡ ತಲೆನೋವಾಗಿತ್ತು. ಒಂದು ರೋಲಿಗೆ 36 ಫೋಟೋ, ಜಾಣತನದಿಂದ ಸುತ್ತಿದರೆ 37, 38. ಸಾಲಿನಲ್ಲಿ ಮುನ್ನೂರು ಜನ. ಆಗ ಹುಟ್ಟಿದ್ದೇ ಬರೀ ಫ್ಲ್ಯಾಶ್ ಹೊಡೆಯುವ ವಿದ್ಯೆ. ಮದುವೆ ಯಜಮಾನ ಪಕ್ಕದಲ್ಲಿ ನಿಂತು ಹುಬ್ಬು ಹಾರಿಸಿದರೆ ರೋಲು, ಸುಮ್ಮನಿದ್ದರೆ ಫ್ಲ್ಯಾಶು. ತಮ್ಮ ಮೇಲೆ ಬಿದ್ದದ್ದು ಖಾಲಿ ಬೆಳಕು ಎಂದು ತಿಳಿಯದೆ ಎಷ್ಟೋ ಜನ ನಗುನಗುತ್ತಾ ಊಟಕ್ಕೆ ಹೋಗಿದ್ದಾರೆ, ಆಲ್ಬಮ್ ಬಂದಾಗ "ನಾನೆಲ್ಲೋ?" ಎಂದು ಜಗಳ ತೆಗೆದಿದ್ದಾರೆ. "ಆ ರೋಲು ಸ್ವಲ್ಪ ಸುಟ್ಟೋಯ್ತು ದೊಡ್ಡಪ್ಪ" ಎಂಬ ಉತ್ತರ ಸದಾ ತಯಾರಿರುತ್ತಿತ್ತು.

ಗ್ರೂಪ್ ಫೋಟೋದಲ್ಲಿ ಅವನ ನಿಜವಾದ ಪಾಂಡಿತ್ಯ ಕಾಣಬೇಕು. ಯಾವ ಅಣ್ಣ-ತಮ್ಮಂದಿರ ಜಮೀನು ಕೋರ್ಟಿನಲ್ಲಿದೆ, ಯಾವ ಸೋದರತ್ತೆ ಯಾವ ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದಾಳೆ, ಎಲ್ಲ ಗೊತ್ತು. ಮುನಿಸಿಕೊಂಡವರನ್ನು ಅವನು ಎಂದೂ ನಡುವೆ ನಿಲ್ಲಿಸುವುದಿಲ್ಲ. ಒಬ್ಬರನ್ನು ಈ ತುದಿಗೆ, ಇನ್ನೊಬ್ಬರನ್ನು ಆ ತುದಿಗೆ. ಹೊಂದಾಣಿಕೆ ಆದರೆ ಫೋಟೋ ಇಡಿಯಾಗಿಯೇ ಉಳಿಯುತ್ತದೆ, ಆಗದಿದ್ದರೆ ಕತ್ತರಿಸಲು ಸುಲಭ.

ಈಚೆಗೆ ಅವನಿಗೂ ಒಂದು ಕೊರಗು ಹತ್ತಿದೆ. ಬೆಂಗಳೂರಿನಿಂದ ಕ್ಯಾಂಡಿಡ್‌ನವರು ಬರುತ್ತಾರೆ: ಗಡ್ಡ, ಕರೀ ಟೀ ಶರ್ಟು, ಯಾರಿಗೂ ಏನೂ ಹೇಳದೆ ಕಂಬದ ಮರೆಯಲ್ಲಿ ನಿಂತು ತೆಗೆಯುವ ಜನ. ಅವರ ಮುಂದೆ ಇವನು 'ಟ್ರೆಡಿಷನಲ್' ಆಗಿಬಿಡುತ್ತಾನೆ, ದರವೂ ಟ್ರೆಡಿಷನಲ್. ಸೋಲೊಪ್ಪುವ ಆಸಾಮಿಯೇನಲ್ಲ, ತಾನೂ ಕ್ಯಾಂಡಿಡ್ ಶುರುಮಾಡಿದ. "ಎಲ್ರೂ ಕೇಳಿ! ಇದು ಕ್ಯಾಂಡಿಡ್ಡು! ಯಾರೂ ಕ್ಯಾಮೆರಾ ನೋಡ್ಬಾರ್ದು! ಅಜ್ಜಿ, ನೀವು ಹಂಗೇ ತಾನಾಗೇ ನಗ್ತಾ ಇರಿ, ನಾನು ಹೇಳೋವರ್ಗೂ ನಿಲ್ಲಿಸ್ಬೇಡಿ!"

ಡ್ರೋನೂ ಬಂತು. 250 ಗ್ರಾಂ ಮೀರದ ಡ್ರೋನ್ ಹಾರಿಸಲು ಪೈಲಟ್ ಪರವಾನಗಿ ಬೇಡ ಎನ್ನುತ್ತದೆ 2021ರ ಡ್ರೋನ್ ನಿಯಮ. ತೆಂಗಿನ ಗರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ತಿಪಟೂರು ಸೀಮೆಯಲ್ಲಿ ಚಪ್ಪರದ ಸುತ್ತ ಇರುವುದೇ ತೆಂಗು. ಹಾಗಾಗಿ ಮದುವೆ ಖರ್ಚಿನಲ್ಲಿ ಡ್ರೋನಿನ ಬಾಡಿಗೆ ಎಂಬ ಸಾಲಿನ ಕೆಳಗೆ ಕಾಯಿ ಕೀಳುವವನ ಕೂಲಿ ಎಂಬ ಇನ್ನೊಂದು ಸಾಲು ಸೇರಿಕೊಂಡಿದೆ.

ಊಟ? ಕೊನೇ ಪಂಕ್ತಿ. ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನು ಹತ್ತಿರದಿಂದ ನೂರಾರು ಸಲ ಸೆರೆಹಿಡಿದವನ ಎಲೆಗೆ ಬರುವುದು ಅನ್ನ, ತಿಳಿಸಾರು.

ಮಂಟಪದ ಈ ಸರದಾರ ತೋಟದ ಮನೆಯ ಗೇಟು ದಾಟಿದರೆ ಕಥೆ ಬೇರೆ. ಆರತಕ್ಷತೆ ಮುಗಿಸಿ ರಾತ್ರಿ ಒಂದಕ್ಕೆ ಬಂದರೆ, ತ್ರೀ ಫೇಸ್ ಕರೆಂಟು ಎರಡಕ್ಕೆ ಕೊಡುತ್ತಾರೆ. ಮೋಟಾರು ಹಾಕಿ ನೀರು ತಿರುಗಿಸಬೇಕು. ಐದೂವರೆಗೆ ಹಾಲು ಕರೆಯಬೇಕು, ಆರಕ್ಕೆ ಡೇರಿಯಲ್ಲಿ ಕ್ಯೂ. ಮದುವೆ ಮನೆಯ ಸೆಂಟಿನ ವಾಸನೆ ಸೀಮೆಹಸುವಿಗೆ ಆಗದು, ಒದೆಯುತ್ತದೆ. ಇತ್ತ ಸರಿ ಅಂದರೆ ಅದು ಅತ್ತ ಸರಿಯುತ್ತದೆ. ಡೇರಿಯಲ್ಲಿ "ಡಿಗ್ರಿ ಕಮ್ಮಿ ಬಂತಲ್ಲೋ, ಇದ್ರಲ್ಲೂ ಎಡಿಟಿಂಗಾ?" ಎಂದು ಕಾರ್ಯದರ್ಶಿ ಕೆಣಕುತ್ತಾನೆ.

ಅವ್ವನಿಗೆ ಮಗ ಮಾಡುವುದು ಕೆಲಸ ಎಂದು ಇನ್ನೂ ಅನ್ನಿಸಿಲ್ಲ. ಡ್ರೋನು ಮನೆಗೆ ಬಂದ ದಿನ ಮಾತ್ರ ಅವಳ ಕಣ್ಣು ಹೊಳೆಯಿತು. "ಲೋ, ಅದನ್ನ ಮೇಲಕ್ಕೆ ಬಿಟ್ಟು ನೋಡೋ, ಪಕ್ಕದೋನು ಬದು ಒತ್ತವ್ನಾ ಅಂತ." ಒತ್ತಿದ್ದ. ಡ್ರೋನಿನ ಸಾಲ ಕಟ್ಟಲು ಅವ್ವನ ತಕರಾರು ಅಂದಿಗೆ ಮುಗಿಯಿತು.

ಸ್ಟುಡಿಯೋ ಬೋರ್ಡಿನಲ್ಲಿ ಇಲ್ಲದ ಹೆಸರು ಹೆಂಡತಿಯದು. ಮೂರು ಸಾವಿರ ಫೋಟೋದಲ್ಲಿ ಆಲ್ಬಮ್ಮಿಗೆ ಯಾವುದು ಎಂದು ಆರಿಸುವವಳು ಅವಳೇ, ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ. "ರೀ, ಇದು ಬೇಡ, ಅತ್ತೆ ಸೊಸೆನ ಹೆಂಗೆ ನೋಡ್ತವ್ಳೆ ನೋಡಿ" ಎಂದು ಅವಳು ತೆಗೆದುಹಾಕಿದ ಫೋಟೋಗಳಿಂದ ಉಳಿದ ಸಂಸಾರಗಳಿಗೆ ಲೆಕ್ಕವಿಲ್ಲ. ಅವರಿಬ್ಬರ ಮದುವೆ ಆಲ್ಬಮ್ ಮಾತ್ರ ಅವಳು ತೆರೆಯುವುದಿಲ್ಲ. ಧಾರೆ ಎರೆಯುವಾಗ, ತಾಳಿ ಕಟ್ಟುವಾಗ, ಸಪ್ತಪದಿಯಲ್ಲಿ, ಎಲ್ಲದರಲ್ಲೂ ಗಂಡನ ದೃಷ್ಟಿ ಇರುವುದು ಅಂದಿನ ಫೋಟೋಗ್ರಾಫರನ ಹೊಸ ಫ್ಲ್ಯಾಶಿನ ಮೇಲೆ.

ಆಷಾಢದಲ್ಲಿ ಸ್ಟುಡಿಯೋ ನಡೆಸುವುದು ಸಣ್ಣ ಕೆಲಸಗಳು. ವಿದ್ಯಾರ್ಥಿವೇತನಕ್ಕೆ ಪಾಸ್‌ಪೋರ್ಟ್ ಸೈಜು, ವಿಮೆಗಾಗಿ ಕಿವಿಯ ಓಲೆ ಕಾಣುವಂತೆ ಹಸುವಿನ ಫೋಟೋ. (ಹಸುಗಳು ಗದ್ದ ಕೆಳಗೆ ಮಾಡುವುದಿಲ್ಲ.) ಮತ್ತೆ ತಿಥಿಯ ಫೋಟೋ. ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿಸಿದ ಫೋಟೋ ಬೇಕು, ಮನೆಯಲ್ಲಿರುವುದು ಆಧಾರ್ ಕಾರ್ಡಿನದೊಂದೇ, ಅದರಲ್ಲಿ ಅಜ್ಜನನ್ನು ಅಜ್ಜಿಯೇ ಗುರುತಿಸಲಾರಳು. ಇವನು ಹಳೆಯ ಹಾರ್ಡ್ ಡಿಸ್ಕು ಹುಡುಕಿ, ಮೊಮ್ಮಗಳ ಮದುವೆಯ ಗ್ರೂಪಿನ ಎರಡನೇ ಸಾಲಿನಿಂದ ಅಜ್ಜನನ್ನು ಎತ್ತಿ, ಭುಜದ ಮೇಲಿದ್ದ ಬೀಗರ ಕೈ ಅಳಿಸಿ, ಸ್ಟುಡಿಯೋದ ಅದೇ ಕರೀ ಕೋಟು ತೊಡಿಸುತ್ತಾನೆ. ರುಮಾಲು ಬೇರೊಬ್ಬರದು. ಇದರಲ್ಲಿ ಪಳಗಿದ ಮೇಲೆ ಅವನಿಗೊಂದು ಅಭ್ಯಾಸವಾಗಿದೆ. ಮದುವೆ ಮನೆಗಳಲ್ಲಿ ವಯಸ್ಸಾದವರನ್ನು ಬೆಳಕು ಚೆನ್ನಾಗಿರುವ ಕಡೆ ಕೂರಿಸಿ, ಯಾರೂ ಕೇಳದಿದ್ದರೂ ಒಂದು ಒಳ್ಳೆಯ ಫೋಟೋ ತೆಗೆದಿಡುತ್ತಾನೆ. ಮುದುಕರಿಗೂ ಕಾರಣ ಗೊತ್ತು. "ಈ ಸಲಾನೂ ತಗೊಂಡೇನ್ಲಾ ಮಗ? ಇರ್ಲಿ ಬಿಡು, ಮುಂದಿನ ಮದುವೆಗೂ ಬರ್ತೀನಿ" ಎಂದು ನಗುತ್ತಾರೆ. ಆ ನಗುವಿನದೇ ಫೋಟೋ ಚೆನ್ನಾಗಿ ಬರುತ್ತದೆ.

ಉಳಿದದ್ದು ಬಾಕಿ. ಅಡ್ವಾನ್ಸು ವೀಳ್ಯದ ದಿನ ಬರುತ್ತದೆ, ಮಿಕ್ಕ ಹಣ ಕೊಬ್ಬರಿ ಮಾರಿದ ಮೇಲೆ. ಕೊಬ್ಬರಿಗೆ ರೇಟು ಬರುವವರೆಗೆ 12x36ರ ಕರಿಜ್ಮಾ ಆಲ್ಬಮ್ಮು ಸ್ಟುಡಿಯೋದ ಬೀರುವಿನಲ್ಲಿ ಒತ್ತೆ. ಕೊನೆಗೆ ಒಂದು ದಿನ ಫೋನು: "ಅಣ್ಣ, ಗುರುವಾರ ಮಗೂಗೆ ನಾಮಕರಣ, ಕ್ಯಾಮೆರಾ ತಗೊಂಡ್ಬಾ, ಹಂಗೇ ಮದುವೆ ಆಲ್ಬಮ್ಮೂ ತಂದ್ಬಿಡು." ತೊಟ್ಟಿಲ ಪಕ್ಕದಲ್ಲೇ ಲೆಕ್ಕ ನಡೆಯುತ್ತದೆ. ಮದುವೆ ಬಾಕಿಯಲ್ಲಿ ಅರ್ಧ ಕೈಗೆ ಬರುತ್ತದೆ, ನಾಮಕರಣದ್ದು ಪೂರ್ತಿ ಬಾಕಿ ನಿಲ್ಲುತ್ತದೆ, ಎರಡನ್ನೂ ಸೇರಿಸಿ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಚುಕ್ತಾ ಎಂದು ಮಾತಾಗುತ್ತದೆ.